ಗಿಡ ಸಾಕಿದ ಹಿರಿಯರಿಗೆ ಏನು ಕೊಡುವುದು?

ಪ್ರಶ್ನೆ: ಹಾಸನದಿಂದ

ಎಲ್ಲರಿಗೂ ನಮಸ್ಕಾರ. ಒಬ್ಬ ಹಿರಿಯರಿಗೆ ಉಡುಗೊರೆ ಕೊಡಬೇಕಾಗಿದೆ, ಏನು ಕೊಡುವುದೆಂದು ತೋಚುತ್ತಿಲ್ಲ. ಅವರು ಎಂಥವರು ಎಂದು ತಿಳಿಸದೆ ಸಲಹೆ ಕೇಳಿದರೆ ನೀವಾದರೂ ಏನು ಹೇಳಿಯೀರಿ? ಆದ್ದರಿಂದ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ನಾವಿರುವುದು ಹಾಸನದ ಅಂಚಿನ ಒಂದು ಬಡಾವಣೆಯಲ್ಲಿ. ಉದ್ಯಾನಕ್ಕೆಂದು ಬಿಟ್ಟ ಮುಕ್ಕಾಲು ಎಕರೆ ಜಾಗದಲ್ಲಿ ಪಾರ್ಥೇನಿಯಂ ಎದೆಮಟ್ಟ ಬೆಳೆದಿತ್ತು. ಮನೆ ಕಟ್ಟಿಸಿದವರೆಲ್ಲ ಮಿಕ್ಕ ಜಲ್ಲಿ, ಒಡೆದ ಇಟ್ಟಿಗೆ ತಂದು ಸುರಿಯುತ್ತಿದ್ದುದೂ ಅಲ್ಲಿಗೇ. 2022ರ ಜೂನ್ 5, ಭಾನುವಾರ, ನಾವೆಲ್ಲ ಸೇರಿ ಅಲ್ಲಿ 110 ಸಸಿ ನೆಟ್ಟೆವು. ಹೊಂಗೆ, ನೇರಳೆ, ಬೇವು, ಸಂಪಿಗೆ, ಹೊಳೆಮತ್ತಿ, ನಾಲ್ಕೈದು ಹಲಸು. ಪ್ರತಿ ಸಸಿಗೂ ಒಬ್ಬೊಬ್ಬರ ಹೆಸರಿನ ಚೀಟಿ ಕಟ್ಟಿ, ಉಪ್ಪಿಟ್ಟು ತಿಂದು, ಫೋಟೊ ತೆಗೆಸಿಕೊಂಡು ಮನೆಗೆ ಬಂದೆವು. ನನ್ನ ಮಗಳ ಹೆಸರಿನಲ್ಲಿ ಒಂದು ನೇರಳೆ ಇತ್ತು.

ಮಳೆಗಾಲ ಕಳೆಯಿತು. ದೀಪಾವಳಿಯೂ ಆಯಿತು. ಆಮೇಲೆ ಆ ಕಡೆ ಯಾರೂ ತಲೆ ಹಾಕಲಿಲ್ಲ. ನಾನೂ ಹಾಕಲಿಲ್ಲ, ಇದನ್ನು ಒಪ್ಪಿಕೊಳ್ಳಬೇಕು. ಫೆಬ್ರವರಿಯಲ್ಲಿ ಒಂದು ಸಂಜೆ ಅತ್ತ ಹೋದಾಗ ಮಗಳ ನೇರಳೆ ನೆನಪಾಗಿ, ಒಣಗಿದ ಕಡ್ಡಿಯನ್ನು ಹುಡುಕುತ್ತಾ ನಡೆದೆ. ಗಿಡ ನನ್ನ ಸೊಂಟದವರೆಗೆ ಬಂದಿತ್ತು. ಬುಡದಲ್ಲಿ ಅಗಲವಾದ ಪಾತಿ, ಪಾತಿಯ ತುಂಬ ತರಗೆಲೆ. ಎಲೆ ಸರಿಸಿ ನೋಡಿದರೆ ಮಣ್ಣು ಇನ್ನೂ ತಣ್ಣಗಿತ್ತು. ಮೇಕೆ ಬಾಯಿ ಹಾಕದಂತೆ ಸುತ್ತ ಜಾಲಿ ಮುಳ್ಳು. ಬಿಸಿಲಿಗೆ ಬೆಳ್ಳಗಾದ ಚೀಟಿಯಲ್ಲಿ ಮಗಳ ಹೆಸರು ಅಳಿಸಿಹೋಗಿತ್ತು, ಆದರೆ ಅದರ ದಾರವನ್ನು ಯಾರೋ ಬಿಚ್ಚಿ ಸಡಿಲವಾಗಿ ಕಟ್ಟಿದ್ದರು. ಕಾಂಡ ದಪ್ಪವಾಗುತ್ತಾ ಬಂದಂತೆ ದಾರ ತೊಗಟೆಯೊಳಗೆ ಇಳಿದು ಗಿಡ ಸಾಯಬಹುದು ಎಂಬುದು ನನಗೆ ಗೊತ್ತೇ ಇರಲಿಲ್ಲ.

ಅದು ನಮ್ಮ ಎದುರು ಬೀದಿಯ ಹಿರಿಯರ ಕೆಲಸ. ಬಸ್ ಚಾಲಕರಾಗಿದ್ದು ನಿವೃತ್ತರಾದವರು. ಮಕ್ಕಳೆಲ್ಲ ಅವರನ್ನು ಡ್ರೈವರ್ ತಾತ ಎನ್ನುತ್ತಾರೆ. ಸೈಕಲ್ಲಿನ ಎರಡೂ ಬದಿಗೆ 20 ಲೀಟರಿನ ಒಂದೊಂದು ಕ್ಯಾನು ನೇತುಹಾಕಿಕೊಂಡು ಬೆಳಗ್ಗೆ ಆರಕ್ಕೆ ಹೊರಡುತ್ತಾರೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತಲ್ಲ, ಅದರ ಮುಂದಿನ ಬೇಸಿಗೆಯಲ್ಲಿ ಅವರ ಮನೆಯ ಕೊಳವೆಬಾವಿಯೂ ಸೊರಗಿತು. ಆಗ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಬಟ್ಟೆ ಜಾಲಿಸಿದ ಕೊನೆಯ ನೀರು ಎಲ್ಲವನ್ನೂ ಕ್ಯಾನಿಗೆ ತುಂಬಿ ಒಯ್ದರು. ಇಂದು 71 ಮರಗಳಿವೆ. ಸತ್ತ 39ರ ಗುಂಡಿಗಳಲ್ಲಿ 24ಕ್ಕೆ ವರ್ಷವರ್ಷವೂ ಆರಿದ್ರಾ ಮಳೆ ನೋಡಿಕೊಂಡು ತಾವೇ ಬೇರೆ ಸಸಿ ಇಟ್ಟಿದ್ದಾರೆ.

ಬರುವ ಜೂನ್ 5ಕ್ಕೆ ನಾಲ್ಕು ವರ್ಷ ತುಂಬುತ್ತದೆ. ಅದೇ ತಿಂಗಳು ಅವರಿಗೆ 70. ಸಂಘದವರು ಶಾಲು, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಫಲಕ ಎಂದು ಮಾತಾಡುತ್ತಿದ್ದಾರೆ. ವಿಷಯ ಕಿವಿಗೆ ಬಿದ್ದು, "ಅದೆಲ್ಲ ಬೇಡ, ಅವತ್ತು ನಾನು ಊರಿನಲ್ಲಿ ಇರುವುದಿಲ್ಲ" ಎಂದು ತಾತ ಆಗಲೇ ಹೇಳಿಬಿಟ್ಟಿದ್ದಾರೆ. ಮನೆಮನೆಯಿಂದ 6,500 ರೂಪಾಯಿ ಸೇರಿದೆ. ಅವರು ನಿಜವಾಗಿಯೂ ಕೈಯಲ್ಲಿ ಹಿಡಿದು ಬಳಸುವಂಥದ್ದು ಏನಿದೆ? ತೋಟದ ಕೆಲಸ ಬಲ್ಲವರು ದಯವಿಟ್ಟು ಹೇಳಿ.

ಅರಸೀಕೆರೆಯಿಂದ

ಮಡಕೆ ಕೊಡಿ.

ಐದಾರು ಲೀಟರ್ ಹಿಡಿಯುವ ಸಾದಾ ಮಣ್ಣಿನ ಮಡಕೆಯನ್ನು ಸಸಿಯಿಂದ ಒಂದಡಿ ದೂರದಲ್ಲಿ ಕುತ್ತಿಗೆಯವರೆಗೆ ಹೂಳಬೇಕು. ನೀರು ತುಂಬಿ ಮುಚ್ಚಳ ಮುಚ್ಚಿದರೆ ಸೊಳ್ಳೆಯ ಕಾಟವೂ ಇರುವುದಿಲ್ಲ. ಸುತ್ತಲ ಮಣ್ಣು ಆರಿದಷ್ಟೂ ಮಡಕೆ ಒಸರುತ್ತದೆ, ಮಣ್ಣು ತೇವವಿದ್ದರೆ ಒಸರುವುದು ತಾನಾಗಿ ಕಡಿಮೆಯಾಗುತ್ತದೆ. ಮೇಲೆ ಸುರಿದ ನೀರಿನಲ್ಲಿ ಎಷ್ಟೋ ಪಾಲು ಬಿಸಿಲಿನ ಪಾಲಾಗುತ್ತದೆ, ಇದು ನೇರವಾಗಿ ಬೇರಿಗೆ. ಬಣ್ಣ ಬಳಿದ ಮಡಕೆ ಮಾತ್ರ ತರಬೇಡಿ, ಬಣ್ಣ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ಕುಂಬಾರರ ಹತ್ತಿರವೇ ಹೋಗಿ, ಒಂದೊಂದನ್ನೂ ತಟ್ಟಿ ನೋಡಿ ತೆಗೆದುಕೊಳ್ಳಿ.

ನಾಲ್ಕು ವರ್ಷದ ಹೊಂಗೆಗೆ, ಬೇವಿಗೆ ಇನ್ನು ನಿಮ್ಮ ನೀರಿನ ಹಂಗಿಲ್ಲ. ಮಡಕೆ ಬೇಕಾಗಿರುವುದು ಆಮೇಲೆ ಇಟ್ಟ ಆ 24ಕ್ಕೆ. ಹೊಸ ಗುಂಡಿ ತೆಗೆಯುವುದಿದ್ದರೆ ತಳದಲ್ಲಿ ತೆಂಗಿನಕಾಯಿ ಸುಲಿದ ಮಟ್ಟೆಯನ್ನು ಬಟ್ಟಲಿನಂತೆ ಮೇಲ್ಮುಖವಾಗಿ ಜೋಡಿಸಿ ಮಣ್ಣು ಹಾಕಿ, ಮಳೆಯ ನೀರು ಅದರಲ್ಲಿ ನಿಂತಿರುತ್ತದೆ. ನಮ್ಮ ಕಡೆ ಮಟ್ಟೆಗೆ ಬರವಿಲ್ಲ. ಗಾಡಿ ಕಳಿಸಿದರೆ ಒಂದು ಲೋಡು ನನ್ನ ತೋಟದಿಂದಲೇ ತುಂಬಿಕೊಡುತ್ತೇನೆ, ಅದು ನನ್ನ ಪಾಲಿನ ಉಡುಗೊರೆ.

ಚಿಕ್ಕಮಗಳೂರಿನಿಂದ

ಖಾಲಿ ಮೂಲೆ ಏನಾದರೂ ಉಳಿದಿದ್ದರೆ ಅಲ್ಲಿ ಅವರ ಹೆಸರಿನಲ್ಲಿ 70 ಸಸಿ ನೆಡಿ, ವರ್ಷಕ್ಕೊಂದರಂತೆ. ಈಗ ಚಿಕ್ಕ ಜಾಗದಲ್ಲೇ ದಟ್ಟ ಕಾಡು ಬೆಳೆಸುವ ಮಿಯಾವಾಕಿ ಪದ್ಧತಿಯಲ್ಲಿ ಚದರ ಮೀಟರಿಗೆ ಮೂರು ನಾಲ್ಕು ಗಿಡ ಕೂರಿಸುತ್ತಾರೆ, ಚಿಕ್ಕ ಜಾಗವೇ ಸಾಕು. ಗಿಡಗಳನ್ನು ಪ್ರೀತಿಸುವವರಿಗೆ ಅದಕ್ಕಿಂತ ದೊಡ್ಡ ಗೌರವ ಯಾವುದು?

ಬೇಲೂರಿನಿಂದ

ಚಿಕ್ಕಮಗಳೂರಿನವರ ಮನಸ್ಸು ಒಳ್ಳೆಯದೇ, ಆದರೂ ದಯವಿಟ್ಟು ಹಾಗೆ ಮಾಡಬೇಡಿ. 18 ವರ್ಷ ಸಸ್ಯಕ್ಷೇತ್ರದಲ್ಲಿ ಕೆಲಸ ಮಾಡಿದವನ ಮಾತಿದು. ಮಿಯಾವಾಕಿ ಕಾಡಿಗೂ ಮೊದಲ ಎರಡು ಮೂರು ವರ್ಷ ನೀರುಣಿಸಬೇಕು, ಕಳೆ ಕೀಳಬೇಕು. ನೆಟ್ಟವರು ಫೋಟೊ ತೆಗೆಸಿಕೊಂಡು ಹೋದ ಮೇಲೆ ಆ ನೀರು ಯಾರ ಸೈಕಲ್ಲಿನ ಮೇಲೆ ಬರುತ್ತದೆ? 70 ವರ್ಷದವರ ಹೆಗಲಿಗೆ ಇನ್ನೂ 70 ಗಿಡಗಳ ಹೊರೆ ಏರಿಸಿದಂತಾಗುತ್ತದೆ.

ಸಾಲುಮರದ ತಿಮ್ಮಕ್ಕನವರು ಬಾಳಿನ ಕೊನೆಯ ವರ್ಷಗಳಲ್ಲಿ ನಮ್ಮ ಬೇಲೂರು ತಾಲ್ಲೂಕಿನಲ್ಲಿ ನೆಲೆಸಿದ್ದರು. ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯ 385 ಆಲದ ಮರಗಳನ್ನು ಎಲ್ಲರೂ ಎಣಿಸಿ ಹೇಳುತ್ತಾರೆ. ನಾನು ನೆನಪಿಟ್ಟುಕೊಂಡಿರುವುದು ಇನ್ನೊಂದು ಲೆಕ್ಕ. ಗಂಡ ಹೆಂಡತಿ ಮೊದಲ ವರ್ಷ ನೆಟ್ಟಿದ್ದು 10 ಸಸಿ, ಮರುವರ್ಷ 15, ಅದರ ಮುಂದಿನ ವರ್ಷ 20. ನಾಲ್ಕು ಕಿಲೋಮೀಟರ್ ನೀರು ಹೊತ್ತು ಉಳಿಸಿಕೊಂಡರು, ದನ ಮೇಯದಂತೆ ಮುಳ್ಳು ಕಟ್ಟಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಸಸ್ಯಕ್ಷೇತ್ರದ ಹೆಣ್ಣುಮಕ್ಕಳೆಲ್ಲ ಮಣ್ಣಿನ ಕೈಯಲ್ಲೇ ಚಪ್ಪಾಳೆ ತಟ್ಟಿದ್ದರು. ದಿನಕ್ಕೆ ನೂರಾರು ಪ್ಲಾಸ್ಟಿಕ್ ಚೀಲಗಳಿಗೆ ಮಣ್ಣು ತುಂಬುವವರಿಗೆ ಆ 10, 15, 20ರ ಬೆಲೆ ಗೊತ್ತು.

ಸಲಕರಣೆ ಕೊಡುವುದಾದರೆ ಗಿಡ ಸವರುವ ಒಳ್ಳೆಯ ಕತ್ತರಿ ಒಂದು ಕೊಡಿ. ಎರಡು ಅಲಗುಗಳು ಒಂದರ ಪಕ್ಕ ಒಂದು ಜಾರಿ ಹೋಗುವಂಥದ್ದನ್ನು ಆರಿಸಿ. ಹಸಿ ಕೊಂಬೆಯನ್ನು ಜಜ್ಜದೆ ಕತ್ತರಿಸುವುದು ಅದೇ. ಒಂದು ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವ ಕತ್ತರಿ ಒಣ ಕಡ್ಡಿಗೆ ಸರಿ, ಹಸಿ ಕೊಂಬೆಯ ತೊಗಟೆಯನ್ನು ಜಜ್ಜುತ್ತದೆ. ನಾಲ್ಕು ವರ್ಷದ ನೇರಳೆಗೆ ಕೆಳಗಿನ ಕವಲು ಸವರುವ ಕಾಲ ಬಂದಿದೆ, ಅವರಿಗೆ ಖಂಡಿತ ಬೇಕಾಗುತ್ತದೆ.

ಮೂಡಿಗೆರೆ ಕಡೆಯಿಂದ

ನಿಮ್ಮ ಬರಹ ಓದಿ ನಮ್ಮ ಮಾವನವರ ನೆನಪು ಬಂತು. ನಾವು ಕಾಫಿ ತೋಟದವರು. ಮಾವ ಇದ್ದಷ್ಟು ದಿನ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಕಣದ ಮೂಲೆಯ ಮಳೆಮಾಪಕವನ್ನು ನೋಡಿ, ಬಂದದ್ದನ್ನು ಡೈರಿಯಲ್ಲಿ ಬರೆದ ಮೇಲೆಯೇ ಕಾಫಿ ಕುಡಿಯುತ್ತಿದ್ದುದು. ಇಲ್ಲಿ ಈಗಲೂ ಇಂಚು, ಸೆಂಟ್ಸ್ ಲೆಕ್ಕವೇ, ನೂರು ಸೆಂಟ್ಸ್ ಸೇರಿದರೆ ಒಂದಿಂಚು. ಮಾರ್ಚಿಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ರಾತ್ರಿ ಊರೆಲ್ಲ ಫೋನು: "ನಿಮ್ಮಲ್ಲಿ ಎಷ್ಟಾಯಿತು?" "ತೊಂಬತ್ತು ಸೆಂಟ್ಸ್. ನಿಮ್ಮಲ್ಲಿ?" ಒಂದೇ ಹೊಳೆಯ ಆಚೆ ದಡದ ತೋಟಕ್ಕೆ ಹತ್ತೇ ಸೆಂಟ್ಸ್ ಬಿದ್ದಿರುತ್ತದೆ.

ನಿಮ್ಮ ತಾತನಿಗೆ ಒಂದು ಮಳೆಮಾಪಕ, ಜೊತೆಗೆ ಗಟ್ಟಿ ರಟ್ಟಿನ ಒಂದು ಡೈರಿ ಕೊಡಿ. ಸುಮ್ಮನೆ ಶೋಕಿಗೆ ಹೇಳುತ್ತಿಲ್ಲ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದಿಂಚು ಬಂದರೆ ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದದ ಪಾತಿಗೆ 25 ಲೀಟರ್ ಬಿತ್ತು. ಅದು ಅವರ ಒಂದು ಕ್ಯಾನಿಗಿಂತ ಹೆಚ್ಚು. ಮಾಪಕ ನೋಡಿದರೆ ಇವತ್ತು ಸೈಕಲ್ ಹೊರಡಿಸಬೇಕೋ ಬೇಡವೋ ಗೊತ್ತಾಗಿಬಿಡುತ್ತದೆ. ಎಷ್ಟೋ ಸಲ ಗುಡುಗು ಸದ್ದು ಮಾಡಿದಷ್ಟು ಮಳೆ ಸುರಿದಿರುವುದಿಲ್ಲ. ಮೇಲ್ಮಣ್ಣು ನೆನೆದದ್ದು ನೋಡಿ ಮೋಸ ಹೋಗುತ್ತೇವೆ.

ಇನ್ನೊಂದು ಮಾತು. ಅಕ್ಕಿ ತೊಳೆದ ನೀರನ್ನು ಚೆಲ್ಲದೆ ಎತ್ತಿಟ್ಟವರು ಯಾರು? ಬಟ್ಟೆ ಜಾಲಿಸಿದ ಕೊನೆಯ ನೀರನ್ನು ಬೇರೆ ಬಕೆಟ್ಟಿಗೆ ಬಗ್ಗಿಸಿದವರು ಯಾರು? ನಿಮ್ಮ ಬರಹದಲ್ಲಿ ತಾತನ ಮನೆಯವರ ಸುದ್ದಿಯೇ ಇಲ್ಲ. ಅವರಿಗೂ ಏನಾದರೂ ಕೊಡಬೇಕು. ಅದನ್ನು ನಾನು ಕೊಡುತ್ತೇನೆ: ಡೇರೆ ಹೂವಿನ, ಅಂದರೆ ಡೇಲಿಯಾದ, ಗಡ್ಡೆ.

ಮಲೆನಾಡಿನ ಹೆಂಗಸರು ದುಡ್ಡು ಕೊಟ್ಟು ಡೇರೆ ಕೊಂಡದ್ದು ಕಡಿಮೆ. ತವರಿನಿಂದ, ನಾದಿನಿಯ ಮನೆಯಿಂದ, ಮದುವೆಗೆ ಹೋದ ಮನೆಯ ಹಿತ್ತಿಲಿನಿಂದ ಬಂದದ್ದೇ ಎಲ್ಲ. ನನ್ನ ಅಂಗಳದ ನೇರಳೆ ಬಣ್ಣದ್ದು ಅಮ್ಮನ ಮನೆಯದು, ತಟ್ಟೆಯಷ್ಟು ಅಗಲದ ಹಳದಿ ಕೊಪ್ಪದ ಚಿಕ್ಕಮ್ಮ ಕೊಟ್ಟದ್ದು. ಕೊಡುವಾಗ ಒಂದು ಎಚ್ಚರ ಬೇಕು. ಗಡ್ಡೆ ಎಷ್ಟೇ ದಪ್ಪಗಿರಲಿ, ಹಳೆಯ ಕಾಂಡದ ಬುಡದ ಒಂದು ಚೂರು ಅದಕ್ಕೆ ಅಂಟಿಕೊಂಡಿರಲೇಬೇಕು. ಕಣ್ಣು ಇರುವುದು ಆ ಕುತ್ತಿಗೆಯಲ್ಲಿ, ಗಡ್ಡೆಯ ಮೈಯಲ್ಲಿ ಅಲ್ಲ. ಆಲೂಗಡ್ಡೆಯ ಊರಿನವರು ನೀವು, ಅದರಂತೆಯೇ ಇದೂ ಎಂದುಕೊಂಡು ಮಧ್ಯಕ್ಕೆ ಕತ್ತರಿಸಿ ಹೂತರೆ ಕೊಳೆಯುತ್ತದೆ, ಚಿಗುರುವುದಿಲ್ಲ. ಮೇ ಕೊನೆಯ ಹೊತ್ತಿಗೆ ಕಣ್ಣು ಗುಲಾಬಿ ಬಣ್ಣಕ್ಕೆ ಉಬ್ಬಿರುತ್ತದೆ, ಆಗ ಬೇರೆ ಮಾಡಿ ಕಳಿಸುತ್ತೇನೆ. ನೀರು ನಿಲ್ಲದ ಕಡೆ ಇಡಲಿ, ಒಂದು ಗೂಟ ಮೊದಲೇ ನೆಟ್ಟಿರಲಿ.

ಪ್ರಶ್ನೆ ಕೇಳಿದವಳು, ಹಾಸನದಿಂದ

ಎಲ್ಲರಿಗೂ ಕೈಮುಗಿದು ವಂದನೆ. ಮೂಡಿಗೆರೆಯ ಅಕ್ಕ, ನಿಮ್ಮ ಮಾತು ಓದಿದ ಸಂಜೆಯೇ ತಾತನ ಮನೆಗೆ ಹೋದೆ. ತಾತ ಉದ್ಯಾನದಲ್ಲಿದ್ದರು. ಅಜ್ಜಿ ಒಬ್ಬರೇ ಜಗುಲಿಯಲ್ಲಿ ಹುರುಳಿಕಾಯಿ ಬಿಡಿಸುತ್ತಿದ್ದರು. ನಾಲ್ಕು ವರ್ಷದಲ್ಲಿ ನಾನು ಆ ಜಗುಲಿಯ ಮೇಲೆ ಕುಳಿತದ್ದು ಇದೇ ಮೊದಲು.

ತಾತನಿಗೆ ಬಲಭುಜ ಎತ್ತಲಾಗುತ್ತಿಲ್ಲವಂತೆ. ರಾತ್ರಿ ಅಜ್ಜಿ ಬಿಸಿನೀರಿನ ಶಾಖ ಕೊಡುತ್ತಾರೆ, ಬೆಳಗ್ಗೆ ಮತ್ತೆ ಕ್ಯಾನು. ಬೀದಿಯಲ್ಲಿ ಯಾರಿಗೂ ಹೇಳಬಾರದು ಎಂದು ಮಾತು ತೆಗೆದುಕೊಂಡಿದ್ದಾರಂತೆ. "ನೀನು ಕೇಳಿದೆಯಲ್ಲ ಮಗಳೇ, ಅದಕ್ಕೆ ಹೇಳಿದೆ" ಎಂದರು. ನನಗೆ ಏನು ಉತ್ತರ ಕೊಡುವುದೆಂದು ತಿಳಿಯಲಿಲ್ಲ. ಕುಳಿತು ಅವರ ಜೊತೆ ಹುರುಳಿಕಾಯಿ ಬಿಡಿಸಿದೆ.

ಮಾರನೆಯ ದಿನ ಸಂಘದ ಸಭೆಯಲ್ಲಿ ಇದಿಷ್ಟನ್ನೂ ಇಟ್ಟೆ. ಭುಜದ ವಿಷಯ ಹೇಳಲಿಲ್ಲ, ನೀರಿನ ವಿಷಯ ಮಾತ್ರ. ಫಲಕ ಕೈಬಿಟ್ಟರು. 24 ಮಡಕೆಗೆ ಹಣ ತೆಗೆದಿರಿಸಿದ್ದೇವೆ. ಕತ್ತರಿ, ಮಳೆಮಾಪಕ, ಡೈರಿ ಅದೇ ಹಣದಲ್ಲಿ ಆಗುತ್ತವೆ. ಉದ್ಯಾನದ ಮಗ್ಗುಲಲ್ಲೇ ಇರುವ ಮನೆಯವರು ತಮ್ಮ ನಲ್ಲಿಯಿಂದ ಪೈಪು ಎಳೆದುಕೊಳ್ಳಲು ಒಪ್ಪಿದ್ದಾರೆ, ಬೇಸಿಗೆಯಲ್ಲಿ ಅಲ್ಲೊಂದು ಡ್ರಮ್ಮು ತುಂಬಿರುತ್ತದೆ. ಜನವರಿಯಿಂದ ಮೇವರೆಗೆ ವಾರಕ್ಕೊಂದು ಮನೆಯ ಸರದಿ, ಪಟ್ಟಿ ಬರೆದಾಗಿದೆ. ಫೆಬ್ರವರಿಯ ಮೊದಲ ವಾರ ನಮ್ಮ ಮನೆಯದು, ಅದನ್ನು ನಾನೇ ಕೇಳಿ ಪಡೆದೆ. ತಾತ ಯಾವ ಗಿಡಕ್ಕೆ ಎಷ್ಟು ಎಂದು ತೋರಿಸಿದರೆ ಸಾಕು.

ನಿನ್ನೆ ಮಾದರಿಗೆಂದು ಒಂದು ಮಡಕೆ ತಂದು ತೋರಿಸಿದೆವು. ತಾತ ಅದನ್ನು ಬೆರಳಿನಿಂದ ತಟ್ಟಿದರು, ನೀರು ತುಂಬಿ ನೆರಳಿನಲ್ಲಿಟ್ಟು ಕಾದರು. ಸ್ವಲ್ಪ ಹೊತ್ತಿಗೆ ಮಡಕೆಯ ಹೊಟ್ಟೆ ಕಪ್ಪಗೆ ತೇವವಾಯಿತು. ಅಂಗೈಯಿಂದ ಒರೆಸಿ ನೋಡಿ, ಮೂಲೆಯ ಚಿಕ್ಕ ಹೊಳೆಮತ್ತಿಯನ್ನು ತೋರಿಸಿ, "ಮೊದಲು ಇದಕ್ಕೆ ಹೂಳೋಣ, ಇದು ಎರಡು ಸಲ ಸತ್ತು ಬದುಕಿದೆ" ಎಂದರು. ಜೂನ್ 5ರಂದು ಊರಿನಲ್ಲಿ ಇರುತ್ತೀರಾ ಎಂದು ನನ್ನ ಮಗಳು ಕೇಳಿದಳು. ಗುಂಡಿ ತೆಗೆಯುವುದಿದ್ದರೆ ಇರುತ್ತೇನೆ ಎಂದರು.

ಅರಸೀಕೆರೆಯವರೇ, ಮಟ್ಟೆಗೆ ಗಾಡಿ ಯಾವ ದಿನ ಕಳಿಸಲಿ? ಅಕ್ಕ, ಅಜ್ಜಿಗೆ ಡೇರೆಯ ವಿಷಯ ಹೇಳಿದ್ದೇನೆ. ಯಾವ ಬಣ್ಣ ಎಂದು ಎರಡು ಸಲ ಕೇಳಿದರು.

ಮೂಡಿಗೆರೆ ಕಡೆಯಿಂದ

ಹಳದಿ ಎರಡು, ನೇರಳೆ ಎರಡು, ಕೆಂಪಿಗೆ ಬಿಳಿ ಅಂಚಿನದು ಒಂದು. ಇವತ್ತು ಬೆಳಗ್ಗೆ ಬೂದಿಯಿಂದ ತೆಗೆದು ನೋಡಿದೆ, ಕಣ್ಣು ಬಿಟ್ಟಿವೆ. ಮುಂದಿನ ವಾರ ನನ್ನ ತಮ್ಮ ಹಾಸನಕ್ಕೆ ಬರುವವನಿದ್ದಾನೆ, ಒಣಹುಲ್ಲಿನಲ್ಲಿ ಸುತ್ತಿ ಅವನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಬಣ್ಣದ ಚೀಟಿ ಕಟ್ಟಿದ್ದೇನೆ, ದಾರ ಸಡಿಲವಾಗಿಯೇ ಇದೆ.