‘ರೋಲ್‌ಪ್ಲೇಯಿಂಗ್’: ಪಾತ್ರಾಭಿನಯವಾ, ಪಾತ್ರ ವಹಿಸುವುದಾ, ಬೇರೆ ಏನಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ.

ಕಂಪ್ಯೂಟರ್ ಗೇಮ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ, ಅದಕ್ಕೆ ಒಂದು ಪದ ಬೇಕು. ಒಂದು ಪಾತ್ರವನ್ನು ತಮ್ಮದಾಗಿಸಿಕೊಂಡು ಆಡುವ ‘ರೋಲ್‌ಪ್ಲೇಯಿಂಗ್’ ಗೇಮ್‌ಗೆ ಆಡುವವರೆಲ್ಲ ‘ಆರ್‌ಪಿಜಿ’ ಅಂತಲೇ ಅನ್ನುತ್ತಾರೆ, ಹೆಸರಿಗೆ ಅದೇ ಸಾಕು. ತೊಡಕು ಇರುವುದು ಕ್ರಿಯಾಪದದಲ್ಲಿ. ಆಡುವವರು ಅಲ್ಲಿ ಮಾಡುತ್ತಾರಲ್ಲ, ಆ ಕೆಲಸಕ್ಕೆ ಏನನ್ನೋಣ? ‘ಪಾತ್ರಾಭಿನಯ’ ಅಂದರೆ ಬರೀ ನಟನೆ ಅನ್ನಿಸುತ್ತದೆ. ‘ಪಾತ್ರ ವಹಿಸು’ ಅಂದರೆ ‘ಗೆಲುವಿನಲ್ಲಿ ಮುಖ್ಯ ಪಾತ್ರ ವಹಿಸಿದರು’ ಅನ್ನುವ ಪತ್ರಿಕೆಯ ಸಾಲು ಕಿವಿಗೆ ಬೀಳುತ್ತದೆ.

ಪದ ಹುಡುಕುವ ಮುಂಚೆ ಆ ಕೆಲಸ ಯಾವುದು ಅಂತ ಗೊತ್ತಿರಬೇಕು, ಅಲ್ವಾ? ಜಗಳ ಇರುವುದೇ ಅಲ್ಲಿ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಮೇಜಿನ ಸುತ್ತ ಕೂತು ಆಡುವ ಆಟ. ಅದನ್ನು ನಡೆಸುವವರು ಒಬ್ಬ ಮನುಷ್ಯರೇ, ಹಾಗಾಗಿ ನೀವು ಏನೇ ಹೇಳಿದರೂ ಅದಕ್ಕೊಂದು ಉತ್ತರ ಸಿಗುತ್ತದೆ. ಕಂಪ್ಯೂಟರಿಗೆ ಸುಲಭವಾಗಿ ಬಂದದ್ದು ಅದರ ಅಂಕಗಳ ಲೆಕ್ಕ ಮಾತ್ರ. 1981ರ ‘ವಿಝರ್ಡ್ರಿ’ಯಲ್ಲಿ ಆರು ಜನರ ತಂಡ ಕಟ್ಟಿ, ನೆಲಮಾಳಿಗೆಗೆ ಇಳಿದು, ಹೊಡೆದಾಡಿ ಲೆವೆಲ್, ಅಂದರೆ ಪಾತ್ರದ ಬಲದ ಮಟ್ಟ, ಏರಿಸಬೇಕು. ಇವತ್ತಿಗೂ ಎಷ್ಟೋ ಜನ ಲೆವೆಲ್ ಇದ್ದರೆ ಸಾಕು, ಆರ್‌ಪಿಜಿ ಅಂದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ರಾಕ್ಷಸರನ್ನು ಕೊಂದು ಲೆವೆಲ್ ಏರಿಸುವ ‘ಡಯಾಬ್ಲೊ’ ತುಂಬಾ ಒಳ್ಳೆಯ ಗೇಮ್, ಆದರೆ ನೀವು ಎಂಥವರು ಅಂತ ಅಲ್ಲಿ ಯಾರೂ ಕೇಳುವುದಿಲ್ಲ.

ಆ ಪ್ರಶ್ನೆ ಕೇಳುವ ಗೇಮ್‌ಗಳಿವೆ. 1997ರ ‘ಫಾಲೌಟ್’‌ನಲ್ಲಿ ನಿಮ್ಮ ಪಾತ್ರದ ಬುದ್ಧಿಯ ಅಂಕ ಮೂರಕ್ಕೆ ಇಳಿಸಿ ನೋಡಿ, ಅದಕ್ಕೆ ನೆಟ್ಟಗೆ ಮಾತೇ ಬರುವುದಿಲ್ಲ, ಎದುರಿಗಿರುವ ಎಷ್ಟೋ ಜನ ಸರಿಯಾಗಿ ಮಾತಾಡುವುದಿಲ್ಲ, ಎಷ್ಟೋ ಕೆಲಸ ಕೈಗೆ ಸಿಗುವುದೇ ಇಲ್ಲ. 1985ರ ‘ಅಲ್ಟಿಮಾ 4’ರಲ್ಲಿ ಕೊನೆಗೆ ಕೊಲ್ಲಬೇಕಾದ ರಾಕ್ಷಸನೇ ಇಲ್ಲ, ಎಂಟು ಸದ್ಗುಣಗಳನ್ನು ರೂಢಿಸಿಕೊಳ್ಳುವುದೇ ಆಟ. ಗಿಡಮೂಲಿಕೆ ಮಾರುವವರಿಗೆ ಕಣ್ಣು ಕಾಣುವುದಿಲ್ಲ, ಎಷ್ಟು ಕಾಸು ಕೊಡುತ್ತೀರಿ ಅಂತ ನೀವೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೆ ಯಾರೂ ತಡೆಯುವುದಿಲ್ಲ. ಸುಮ್ನೆ ಪ್ರಾಮಾಣಿಕತೆ ಇಳಿಯುತ್ತದೆ, ಅದೂ ನಿಮಗೆ ಹೇಳದೆ. ‘ನಾನು ಇಂಥವನು’ ಅನ್ನುವುದು ಬರೀ ನನ್ನ ತಲೆಯಲ್ಲಿದ್ದರೆ ಸಾಲದು, ಗೇಮ್ ಅದನ್ನು ಗಮನಿಸಬೇಕು, ಅದರಿಂದ ಕೆಲವು ಕೆಲಸ ಆಗಬೇಕು, ಕೆಲವು ಆಗಲೇಬಾರದು. 2019ರ ‘ಡಿಸ್ಕೋ ಎಲಿಸಿಯಂ’ ಹೊಡೆದಾಟದ ವ್ಯವಸ್ಥೆಯನ್ನೇ ಬಿಟ್ಟು ಬರೀ ಮಾತಿನಲ್ಲಿ ಇದನ್ನು ಮಾಡಿತು.

ಇನ್ನೊಂದು ವಾದ ಇದೆ. 2015ರ ‘ವಿಚರ್ 3’ರಲ್ಲಿ ನಾಯಕ ಗೆರಾಲ್ಟ್ ಕಾದಂಬರಿಗಳಿಂದ ಬಂದವನು, ಅವನ ಸ್ವಭಾವ ಮೊದಲೇ ಗಟ್ಟಿಯಾಗಿದೆ, ಹಾಗಾಗಿ ಅದು ನಿಜವಾದ ರೋಲ್‌ಪ್ಲೇ ಅಲ್ಲ ಅಂತ. ಇದಕ್ಕೆ ಉತ್ತರ ನಮ್ಮ ತಾಳಮದ್ದಳೆಯಲ್ಲಿದೆ, ಅಂದರೆ ವೇಷ, ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ. ‘ಕರ್ಣಭೇದನ’ ಪ್ರಸಂಗದಲ್ಲಿ ಕರ್ಣ ಕೃಷ್ಣನ ಮಾತು ಕೇಳಿ ಪಾಂಡವರ ಕಡೆ ಹೋಗುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಆದರೆ ಅವತ್ತು ಯಾವ ನ್ಯಾಯ ಮುಂದಿಟ್ಟು ಬೇಡ ಅನ್ನುತ್ತಾನೆ, ಕೋಪದಲ್ಲಾ, ನೋವಿನಲ್ಲಾ, ಅದು ಅರ್ಥಧಾರಿಗೆ, ಅಂದರೆ ಆ ಪಾತ್ರದ ಮಾತಾಡುವ ಕಲಾವಿದರಿಗೆ, ಬಿಟ್ಟದ್ದು. ಎದುರಿನ ಕೃಷ್ಣನೂ ಆ ಮಾತು ಹಿಡಿದೇ ಮುಂದುವರಿಯಬೇಕು. ಪಾತ್ರ ಸಿದ್ಧವಾಗಿದೆ ಅನ್ನುವುದು ಅಡ್ಡಿಯೇ ಅಲ್ಲ.

ಹಾಗಂತ ಅರ್ಥಧಾರಿಯ ಈ ಕೆಲಸಕ್ಕಿರುವ ‘ಅರ್ಥಗಾರಿಕೆ’ ಅನ್ನುವ ಪದವನ್ನೇ ತರೋಣ ಅಂದರೆ ಕರಾವಳಿ, ಮಲೆನಾಡಿನ ಆಚೆ ಅದು ತಲುಪುವುದು ಕಷ್ಟ. ‘ವೇಷ’ ಚೆನ್ನಾಗಿದೆ, ಕರಾವಳಿಯಲ್ಲಿ ‘ಆಟ’ ಅಂದರೆ ಯಕ್ಷಗಾನವೇ, ಹಾಗಾಗಿ ‘ವೇಷದಾಟ’ ನನಗೆ ಇಷ್ಟವಾಯಿತು. ಆದರೆ ಬೇರೆ ಕಡೆ ‘ವೇಷ ಹಾಕ್ತಾನೆ’ ಅಂದರೆ ಸೋಗು ಅನ್ನುವ ಅರ್ಥವೇ ಜಾಸ್ತಿ. ಸದ್ಯಕ್ಕೆ ನಾಮಪದವಾಗಿ ‘ಪಾತ್ರದಾಟ’, ಕ್ರಿಯಾಪದವಾಗಿ ‘ಪಾತ್ರವಾಗಿ ಆಡು’ ಅಂತ ಇಟ್ಟುಕೊಂಡಿದ್ದೇನೆ. ‘ಲೆವೆಲ್ ಐವತ್ತು ಮುಟ್ಟಿದ, ಆದರೆ ಒಂದು ದಿನವೂ ಪಾತ್ರವಾಗಿ ಆಡಲಿಲ್ಲ’ ಅಂದರೆ ನಿಮಗೆ ಸಹಜವಾಗಿ ಕೇಳುತ್ತದಾ? ಉತ್ತರ ಕರ್ನಾಟಕದ ದೊಡ್ಡಾಟ, ಸಣ್ಣಾಟ ಬಲ್ಲವರು ಇಲ್ಲಿದ್ದರೆ, ಪಾತ್ರದೊಳಗೆ ಇದ್ದುಕೊಂಡೇ ಹೊಸ ಮಾತು ಹುಟ್ಟಿಸುವುದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ ಅಂತ ದಯವಿಟ್ಟು ತಿಳಿಸಿ.