ಘಾಚರ್ ಘೋಚರ್ ಓದಿದ್ಮೇಲೆ ಅಪ್ಪನ ಪಾತ್ರ ತಲೆಯಿಂದ ಹೋಗ್ತಾನೇ ಇಲ್ಲ

ತುಮಕೂರಿನ ಓದುಗಿ:
ವಿವೇಕ ಶಾನಭಾಗರ ಕಾದಂಬರಿ ಘಾಚರ್ ಘೋಚರ್ ನಿನ್ನೆ ರಾತ್ರಿ ಮುಗಿಸ್ದೆ. 2013ರ ಪುಸ್ತಕ, ಇಷ್ಟು ತಡವಾಗಿ ಓದಿದ್ನಲ್ಲ ಅಂತ ಬೇಜಾರು. ಎಲ್ರೂ ಚಿಕ್ಕಪ್ಪನ ದುಡ್ಡು, ಇರುವೆ, ಸೊಸೆ ಅನಿತಾ ಬಗ್ಗೆನೇ ಮಾತಾಡ್ತಾರೆ, ನಂಗೆ ಮಾತ್ರ ಅಪ್ಪನೇ ಕಾಡ್ತಿದಾರೆ. ಟೀ ಕಂಪನಿ ಸೇಲ್ಸ್‌ಮನ್ ಆಗಿದ್ದಾಗ ದಿನಾ ರಾತ್ರಿ ಲೆಕ್ಕ ತಾಳೆ ಹಾಕ್ತಿದ್ದ ಮನುಷ್ಯ, ಲೆಕ್ಕ ತಪ್ಪಿದಾಗ ಇಡೀ ಮನೆಯವ್ರು ಒಟ್ಟಿಗೆ ಕೂತು ಹುಡುಕ್ತಾರಲ್ಲ ಆ ಭಾಗ ಎಷ್ಟು ಚೆನ್ನಾಗಿದೆ, ಆಮೇಲೆ ಚಿಕ್ಕಪ್ಪನ ಮಸಾಲೆ ವ್ಯಾಪಾರ ಸೋನಾ ಮಸಾಲ ಬಂದು ದೊಡ್ಡ ಮನೆ ಆಗಿ ಒಬ್ಬೊಬ್ರಿಗೆ ಒಂದೊಂದು ರೂಮ್ ಆದ್ಮೇಲೆ ಅದೇ ಅಪ್ಪ ಮೂಲೆಗೆ ಸರಿದುಬಿಡ್ತಾರೆ. ಮನೆ ದಾರಿ ತಪ್ತಿದೆ ಅಂತ ಅವ್ರಿಗೆ ಗೊತ್ತಿತ್ತು ಅನ್ಸುತ್ತೆ. ಮಗನ್ನ ಕೂರಿಸ್ಕೊಂಡು ಒಂದ್ಸಲ ಯಾಕೆ ಮಾತಾಡ್ಲಿಲ್ಲ? ನಾನೂ ನಮ್ಮಪ್ಪನೂ ಹತ್ತು ವರ್ಷದಿಂದ ಮಳೆ, ಕರೆಂಟು, ಬಸ್ಸು ಬಿಟ್ಟು ಬೇರೇನೂ ಮಾತಾಡಿಲ್ಲ, ಅದಕ್ಕೇ ಕೇಳ್ತಿದೀನಿ.

ಹಳೇ ಪುಸ್ತಕದಂಗಡಿ:
ಕತೆ ಹೇಳೋ ಆ ಮಗ ಕೇಳೋ ಹಾಗಿದ್ನಾ ಅಂತ ನೋಡಿ. ಕೆಲಸ ಮಾಡ್ದೇನೇ ಸಂಬಳ ತಗೊಳ್ತಾನೆ, ಮನೇಲಿ ಕಾವೇರಿದ್ರೆ ಎದ್ದು ಕಾಫಿ ಹೌಸಿಗೆ ಹೋಗಿ ಅಲ್ಲಿನ ವೇಟರ್ ವಿನ್ಸೆಂಟ್ ಮುಂದೆ ಕೂರ್ತಾನೆ. ಇನ್ನು ಅಪ್ಪನ ನಿವೃತ್ತಿ ದುಡ್ಡೇ ಆ ವ್ಯಾಪಾರದ ಬಂಡವಾಳ, ಅವ್ರಿಗೂ ಪಾಲಿದೆ. ಎಲ್ಲಿ ಯಾರಿಗಾದ್ರೂ ಕೊಟ್ಟುಬಿಡ್ತಾರೋ ಅನ್ನೋ ಭಯಕ್ಕೆ ಎಲ್ರೂ ಅವ್ರನ್ನ ಹುಷಾರಾಗಿ ನೋಡ್ಕೊಳ್ತಾರೆ. ಅವ್ರ ಸಹಿ ಬೇಕು, ಮಾತು ಯಾರಿಗೂ ಬೇಡ. ಓದ್ವಾಗ ನಂಗೆ ತುಂಬಾ ಸಂಕಟ ಆಯ್ತು.

ಬಯಲುಸೀಮೆ:
ನಾನು ಒಪ್ಪಲ್ಲ, ಆ ಮನೇಲಿ ಮಾತಿಗೇನೂ ಕಮ್ಮಿ ಇಲ್ಲ. ಚಿಕ್ಕಪ್ಪನ್ನ ಹುಡ್ಕೊಂಡು ಬಾಗಿಲಿಗೆ ಬಂದ ಹೆಂಗಸನ್ನ ಅಮ್ಮ, ಮಗಳು ಮಾಲತಿ ಬೈದು ಓಡಿಸ್ತಾರಲ್ಲ, ಅಲ್ಲಿ ಎಷ್ಟು ಬಾಯಿ! ಯಾಕೆ ಹೀಗೆ ಅಂತ ಕೇಳಿದ್ದು ಹೊರಗಿಂದ ಬಂದ ಸೊಸೆ ಅನಿತಾ ಒಬ್ಳೇ. ಭೈರಪ್ಪನವರ ಗೃಹಭಂಗದಲ್ಲೂ ನೋಡಿ, ಗಂಗಮ್ಮನ ಬೈಗುಳ ಊರಿಗೆಲ್ಲ ಕೇಳುತ್ತೆ, ಆದ್ರೆ ಗಂಡನ ಶಾನುಭೋಗಿಕೆ ಲೆಕ್ಕ ತಾನೇ ಬರೆದು ಸಂಸಾರ ತೂಗಿಸೋ ನಂಜಮ್ಮನ್ನ ನಿಂಗೆ ಸಾಕಾಯ್ತಾ ಅಂತ ಆ ಅತ್ತೆ ಕೇಳಲ್ಲ. ಜೋರು ಬಾಯಿ ಇದ್ದ ಮನೇಲೇ ನಾನೂ ಬೆಳ್ದಿದ್ದು, ನಂಬಿ.

ಗಾಳಿಪಟ:
ಘಾಚರ್ ಘೋಚರ್ ಅನ್ನೋ ಪದ ಎಲ್ಲಿಂದ ಬಂತು ನೆನಪಿದ್ಯಾ? ಅನಿತಾ ತವರುಮನೆಯದ್ದು, ಗಾಳಿಪಟದ ದಾರ ಸಿಕ್ಕಾದಾಗ ಹುಟ್ಟಿದ್ದು. ಬಿಡಿಸಕ್ಕಾಗ್ದೇ ಇರೋ ಗಂಟಿಗೆ ಅವ್ರ ಮನೇಲಿ ಒಂದು ಪದನಾದ್ರೂ ಇತ್ತು. ಮದುವೆಯಾದ ಹೊಸದ್ರಲ್ಲಿ ಅವ್ಳು ಅದನ್ನ ಗಂಡನಿಗೆ ಹೇಳೋ ಜಾಗದಷ್ಟು ಆಪ್ತವಾದ ಮಾತು ಇಡೀ ಪುಸ್ತಕದಲ್ಲಿ ಇನ್ನೊಂದಿಲ್ಲ ಅಂತ ನಂಗನ್ಸುತ್ತೆ. ನಿಮ್ಮನೇಲಿ ಅಂಥ ಪದ ಯಾವ್ದಾದ್ರೂ ಇದ್ಯಾ?

ತುಮಕೂರಿನ ಓದುಗಿ:
ಇತ್ತು! ನಾನು ಚಿಕ್ಕೋಳಿದ್ದಾಗ ಕರೆಂಟ್ ಹೋದ್ರೆ ಅಪ್ಪ "ಗುಮ್ಮಟಾಣಿ ಆಯ್ತು" ಅಂತಿದ್ರು, ಅರ್ಥ ಏನೋ ಗೊತ್ತಿಲ್ಲ, ನಾವೆಲ್ಲ ಕತ್ತಲಲ್ಲೇ ನಗ್ತಿದ್ವಿ. ಇವತ್ತು ಫೋನಲ್ಲಿ ಕರೆಂಟ್ ವಿಷಯ ಬಂದೇ ಬರುತ್ತೆ, ಆ ಪದ ನೆನಪಿದ್ಯಾ ಅಂತ ಕೇಳ್ತೀನಿ.