ಓಣಿಯೊಳಗೇ ಸೂಪರ್ ಮಾರ್ಕೆಟ್ ಬರ್ತಿದೆ, ನಮ್ಮ ಕಿರಾಣಿ ಅಂಗಡಿ ಕೌಂಟರ್ ತೆಗೀಬೇಕಾ?

ನಿಟುವಳ್ಳಿ ಅಂಗಡಿ:
ದಾವಣಗೆರೆ ನಿಟುವಳ್ಳಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇದೆ. ಮಾವ ಹಾಕಿದ್ದು. 11 ವರ್ಷದಿಂದ ನಾನೇ ಕೂರುತ್ತಿದ್ದೇನೆ. ಅಂಗಡಿ 12 ಅಡಿ ಅಗಲ, 16 ಅಡಿ ಉದ್ದ. ಹಿಂದೆ ಅಷ್ಟೇ ದೊಡ್ಡ ಗೋಡೌನ್. ಅದರಲ್ಲಿ ಅಕ್ಕಿ ಚೀಲ, ಎಣ್ಣೆ ಡಬ್ಬ, ಜೊತೆಗೆ ನಮ್ಮ ಮನೆಯ ಕೆಟ್ಟುಹೋದ ಕೂಲರ್.

ಎರಡು ಕ್ರಾಸ್ ಆಚೆ 40×60 ಸೈಟಿನಲ್ಲಿ ಹೊಸ ಬಿಲ್ಡಿಂಗ್ ಎದ್ದಿದೆ. ಕೆಳಗಿನ ಫ್ಲೋರ್ ಪೂರ್ತಿ ಸೂಪರ್ ಮಾರ್ಕೆಟ್‌ಗಂತೆ. ಮೊದಲು ಇಂಥವು ದೊಡ್ಡ ರಸ್ತೆಗಳಲ್ಲಿ ಇರುತ್ತಿದ್ದವು. ಸಂಬಳ ಆದ ವಾರ ಜನ ಹೋಗಿ ಎರಡು ಚೀಲ ತುಂಬಿಕೊಂಡು ಬರುತ್ತಿದ್ದರು, ಉಳಿದ ದಿನ ನಮ್ಮಲ್ಲಿಗೇ ಬರುತ್ತಿದ್ದರು. ಈಗ ಓಣಿಯೊಳಗೇ ಬಂದರೆ ಒಗ್ಗರಣೆಗೆ ಸಾಸಿವೆ ಇಲ್ಲ ಅಂದಾಗಲೂ ಅಲ್ಲಿಗೇ ಹೋಗ್ತಾರೆ ಅಲ್ವಾ?

ಮಗ ಡಿಗ್ರಿ ಓದುತ್ತಿದ್ದಾನೆ. ಗೋಡೌನ್ ಕಡೆಯ ಗೋಡೆ ಒಡೆಸು, ಕೌಂಟರ್ ಕಿತ್ತು ಹಾಕು, ರ‍್ಯಾಕ್ ಇಡೋಣ, ಜನರೇ ಒಳಗೆ ಬಂದು ತಗೊಳ್ಳಲಿ ಅಂತಾನೆ. ದುಡ್ಡು ಹೇಗೋ ಹೊಂದಿಸಬಹುದು. ನನ್ನ ಚಿಂತೆ ಉದ್ರಿದು. ಸುಮಾರು 60 ಮನೆ ನಮ್ಮ ಪುಸ್ತಕದಲ್ಲಿವೆ. ಒಬ್ಬರು ಸಾಮಾನೆಲ್ಲ ಕಟ್ಟಿಸಿಕೊಂಡ ಮೇಲೆ ಅಕ್ಕಪಕ್ಕ ನೋಡ್ತಾರೆ. ಯಾರಾದರೂ ನಿಂತಿದ್ದರೆ ಬಾಯಿ ಬಿಡುವುದಿಲ್ಲ, ಬೆರಳಲ್ಲಿ ಗಾಳಿಯಲ್ಲಿ ಬರೆದು ತೋರಿಸ್ತಾರೆ. ನಾನು ತಲೆ ಆಡಿಸ್ತೀನಿ. ಅಷ್ಟೇ, ವ್ಯವಹಾರ ಮುಗೀತು. ಕಂಪ್ಯೂಟರ್ ಬಿಲ್ಲು ಬಂದು, ಹಿಂದೆ ಮೂರು ಜನ ಬುಟ್ಟಿ ಹಿಡಿದು ನಿಂತರೆ ಅವರು ಎಲ್ಲಿ ಬರೆದು ತೋರಿಸಬೇಕು?

ಮಾಡಿ ನೋಡಿದವರು ಹೇಳಿ.

ಕೋಟೆ ಕೆಳಗಿನವ:
ಚಿತ್ರದುರ್ಗದಲ್ಲಿ ಆರು ವರ್ಷ ಇಂಥದ್ದೇ ಒಂದು ನಡೆಸಿದ್ದೇನೆ ಮೇಡಂ. ಮುಚ್ಚಿದ್ದು ನಷ್ಟಕ್ಕಲ್ಲ, ಬಿಲ್ಡಿಂಗ್ ಓನರ್ ಮಗಳ ಮದುವೆ ಮಾಡಿ ಜಾಗ ಅಳಿಯನಿಗೆ ಕೊಟ್ಟರು. ಅದು ಬೇರೆ ಕಥೆ.

ಮೊದಲು ಟೇಪ್ ಹಿಡಿಯಿರಿ. 12 ಅಡಿ ಅಗಲದಲ್ಲಿ ಎರಡೂ ಗೋಡೆಗೆ ಒಂದೂಕಾಲು ಅಡಿ ರ‍್ಯಾಕ್, ನಡುವೆ ಎರಡೂ ಕಡೆಯಿಂದ ತೆಗೆಯುವ ಎರಡೂವರೆ ಅಡಿಯದು. ಉಳಿಯೋದು 7 ಅಡಿ, ಅಂದರೆ ಮೂರೂವರೆ ಅಡಿಯ ಎರಡು ದಾರಿ. ಅದಕ್ಕಿಂತ ಕಿರಿದಾದರೆ ಒಬ್ಬರು ಬಗ್ಗಿ ಸೋಪು ನೋಡುತ್ತಿದ್ದಾಗ ಇನ್ನೊಬ್ಬರು ಅಲ್ಲಿಂದಲೇ ವಾಪಸ್ ಹೋಗ್ತಾರೆ. ನಡುವಿನ ರ‍್ಯಾಕ್ ನಾಲ್ಕೂವರೆ ಅಡಿ ದಾಟಬಾರದು. ನಾನು ಆರು ಅಡಿಯದು ಹಾಕಿಸಿದ್ದೆ. ಅದರ ಹಿಂದೆ ಏನು ನಡೆಯಿತು ಅಂತ ಗೊತ್ತಾಗಿದ್ದು ವರ್ಷದ ಸ್ಟಾಕ್ ಎಣಿಸಿದಾಗ. ಚಾಕೊಲೇಟು, ಶೇವಿಂಗ್ ಬ್ಲೇಡು, ಬ್ಯಾಟರಿ ಸೆಲ್ಲು ನಿಮ್ಮ ಕೈಯಳತೆಯಲ್ಲೇ ಇರಲಿ.

ಗಾಜಿನ ಬಾಗಿಲಿನ ದೊಡ್ಡ ಫ್ರೀಜರ್ ಮೊದಲ ವರ್ಷ ತಗೋಬೇಡಿ. ಐಸ್‌ಕ್ರೀಮಿನ ಲಾಭವನ್ನೆಲ್ಲ ಕರೆಂಟ್ ಬಿಲ್ಲೇ ತಿಂತು. ಇನ್ನೊಂದು, ಆ ಗೋಡೆ ಮೇಲೆ ತೊಲೆ ಕೂತಿದೆಯಾ ಅಂತ ಮೇಸ್ತ್ರಿಗೆ ತೋರಿಸದೆ ಸುತ್ತಿಗೆ ಹಾಕಬೇಡಿ.

ದೂರದ ದಾವಣಗೆರೆಯವ:
ನಾನು ವಿದ್ಯಾನಗರದವನು, ಈಗ ಇರುವುದು ಅಮೆರಿಕದ ಅರ್ಕನ್ಸಾದಲ್ಲಿ. ವಾಲ್‌ಮಾರ್ಟ್ ಹುಟ್ಟಿದ ರಾಜ್ಯ. 1998ರಲ್ಲಿ ಅವರು ಇಲ್ಲೇ 'ನೇಬರ್‌ಹುಡ್ ಮಾರ್ಕೆಟ್' ಅಂತ ಶುರು ಮಾಡಿದರು, ಬಡಾವಣೆಗಳಿಗೆ ಅಂತ 'ಚಿಕ್ಕ' ಅಂಗಡಿ. ಚಿಕ್ಕದು ಅಂದರೆ ಸುಮಾರು 40 ಸಾವಿರ ಚದರ ಅಡಿ! ನಿಮ್ಮ 40×60 ಸೈಟು ಅದರಲ್ಲಿ ಹದಿನಾರು ಹಿಡಿಸ್ತವೆ. ಆಮೇಲೆ 2011ರಲ್ಲಿ 'ಎಕ್ಸ್‌ಪ್ರೆಸ್' ಅಂತ ಇನ್ನೂ ಚಿಕ್ಕದು ತೆರೆದರು. 2016ರ ಆರಂಭದಲ್ಲಿ ಆ ನೂರಾ ಎರಡನ್ನೂ ಮುಚ್ಚುವುದಾಗಿ ಹೇಳಿಬಿಟ್ಟರು. ಬ್ರಿಟನ್ನಿನಲ್ಲಿ ಮಾತ್ರ ಟೆಸ್ಕೊ ಅನ್ನೋ ಸೂಪರ್ ಮಾರ್ಕೆಟ್ ಕಂಪನಿಯವರ ಚಿಕ್ಕ ಅಂಗಡಿ 'ಎಕ್ಸ್‌ಪ್ರೆಸ್' 1994ರಿಂದ ನಡೆದುಕೊಂಡು ಬಂದಿದೆ. ಹಾಗಾಗಿ ದೊಡ್ಡವರು ಓಣಿಗೆ ಬಂದ ಕೂಡಲೇ ಗೆದ್ದರು ಅಂತಲೂ ಅಲ್ಲ, ಸೋತರು ಅಂತಲೂ ಅಲ್ಲ.

ಇಲ್ಲಿ ಹಾಲಿಗೂ ಕಾರು ತೆಗೆಯಬೇಕು. ಮುಗಿದ ಸಾಮಾನನ್ನು ಥಟ್ಟನೆ ತರೋಕೆ ಹತ್ತಿರದಲ್ಲೊಂದು ಅಂಗಡಿ ಬೇಕು ಅನ್ನೋದು ಇವರಿಗೆ ದೊಡ್ಡ ಪ್ಲಾನು. ನಮ್ಮಮ್ಮ ಅದಕ್ಕೆ ನನ್ನನ್ನು ಚಪ್ಪಲಿ ಇಲ್ಲದೆ ಓಡಿಸುತ್ತಿದ್ದರು.

ಬೀಟ್ ಹುಡುಗ:
ನಾನು ಡಿಸ್ಟ್ರಿಬ್ಯೂಟರ್ ಕಡೆಯವನು, ವಾರಕ್ಕೆ ಆರು ದಿನ ಅಂಗಡಿ ಸುತ್ತೋದೇ ಕೆಲಸ. ಹೊಸದು ಓಪನ್ ಆದ ತಿಂಗಳು ಸಕ್ಕರೆ, ಎಣ್ಣೆ ಅಸಲಿಗೇ ಕೊಡ್ತಾರೆ. ಅದರ ಜೊತೆ ಪೈಪೋಟಿಗೆ ಇಳೀಬೇಡಿ ಅಕ್ಕ. ಆ ತಿಂಗಳು ಸಕ್ಕರೆ ಚೀಲ ಕಡಿಮೆ ತರಿಸಿ, ಸುಮ್ನಿರಿ.

ನಿಮ್ಮ ದುಡ್ಡು ಇರೋದು ಬಿಡಿ ಸಾಮಾನಿನಲ್ಲಿ. ಶೇಂಗಾ, ಹುರಿಗಡಲೆ, ಬ್ಯಾಡಗಿ ಮೆಣಸಿನಕಾಯಿ, ಜೋಳ. ತೂಗಿ ಕೊಡುವ ಬಿಡಿ ಅಕ್ಕಿ ಬೇಳೆಗೆ ಜಿಎಸ್‌ಟಿ ಇಲ್ಲ. 2022ರ ಜುಲೈನಿಂದ ಲೇಬಲ್ ಹಾಕಿದ 25 ಕೆಜಿವರೆಗಿನ ಪ್ಯಾಕಿಗೆ 5 ಪರ್ಸೆಂಟ್ ಬಂತು. ಅಕ್ಕಿ ಚೀಲ ರಾತ್ರೋರಾತ್ರಿ 26 ಕೆಜಿ ಆಗಿದ್ದು ಅದಕ್ಕೇ. ರ‍್ಯಾಕಿನಲ್ಲಿ ಅಂದ ಕಾಣಲಿ ಅಂತ ನೀವೇ ಎಲ್ಲಾ ಬೇಳೆಯನ್ನು ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದರೆ ಆ ತೆರಿಗೆ ಲೆಕ್ಕಕ್ಕೆ ನೀವೂ ಬರ್ತೀರಿ. ತೂಕದ ತಕ್ಕಡಿ ಎದುರಿಗೇ ಇರಲಿ.

ರ‍್ಯಾಕ್ ಹಾಕಿದರೆ ಹೊಸ ಮಾಲು ಹಿಂದೆ, ಹಳೇದು ಮುಂದೆ. ಡೇಟ್ ಮುಗಿದ ಮೇಲೆ ನನಗೆ ಫೋನ್ ಮಾಡಿ ಬೈಯೋದಲ್ಲ.

ಬಿ ಬ್ಲಾಕ್ ಗ್ರಾಹಕಿ:
ಉದ್ರಿಯವರ ಮುಜುಗರ ನಿಮಗೆ ಕಂಡಿದೆ, ಸಂತೋಷ. ನನ್ನದೂ ಕೇಳಿ. ಎಂಸಿಸಿ ಬಿ ಬ್ಲಾಕ್‌ನಲ್ಲಿ ಪಿಜಿಯಲ್ಲಿದ್ದಾಗ ಕೌಂಟರ್ ಅಂಗಡಿಯಲ್ಲಿ ಪ್ಯಾಡ್ ಕೇಳಬೇಕಿತ್ತು. ಪಕ್ಕದಲ್ಲಿ ಇಂಜಿನಿಯರಿಂಗ್ ಹುಡುಗರು ನಿಂತಿರುತ್ತಿದ್ದರು. ಅವರು ಹೋಗಲಿ ಅಂತ ಬೇಡದ ಬಿಸ್ಕತ್ತು ಎಷ್ಟು ಕೊಂಡಿದ್ದೇನೋ ಲೆಕ್ಕ ಇಲ್ಲ. ಕೊನೆಗೆ ಅಂಗಡಿಯವರು ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಕವರ್ ಹಾಕಿ, ಇಡೀ ಅಂಗಡಿಗೆ ಗೊತ್ತಾಗುವ ಹಾಗೆ ಕೊಡುತ್ತಿದ್ದರು. ಒಳಗೆ ಹೋಗಿ ನಾನೇ ತಗೊಳ್ಳುವ ಅಂಗಡಿ ಸಿಕ್ಕ ದಿನದಿಂದ ಹಳೇದಕ್ಕೆ ಹೋಗಲೇ ಇಲ್ಲ. ರೇಟು ನೋಡಿದ್ದೇ ಇಲ್ಲ.

ನಿಟುವಳ್ಳಿ ಅಂಗಡಿ:
ಬಿ ಬ್ಲಾಕ್ ಅವರೇ, ನಿಮ್ಮ ಮಾತು ಓದಿ ನನಗೇ ನಾಚಿಕೆ ಆಯ್ತು. ಪೇಪರಿನಲ್ಲಿ ಸುತ್ತಿ ಕೊಡೋದು ನಾನೂ ಮಾಡ್ತೀನಿ. ಹೆಣ್ಣಾಗಿ ನನಗೇ ಹೊಳೆದಿರಲಿಲ್ಲ.

ಮೇಸ್ತ್ರಿ ಬಂದು ನೋಡಿದ. ತೊಲೆ ಆ ಗೋಡೆ ಮೇಲೇ ಇದೆ. 5 ಅಡಿ ಬಾಗಿಲು ಒಡೆದು ಮೇಲೆ ಲಿಂಟಲ್ ಕೊಡ್ತಾನಂತೆ, ಪೂರ್ತಿ ತೆಗೆಯೋಕೆ ಆಗಲ್ಲ. ಒಂಥರಾ ಒಳ್ಳೇದೇ ಆಯ್ತು. ಹಿಂದಿನ ಕೋಣೆಯಲ್ಲಿ ಸೋಪು, ಶಾಂಪೂ, ಪ್ಯಾಡು, ಬಿಸ್ಕತ್ತು ರ‍್ಯಾಕಿನಲ್ಲಿ. ಅವರೇ ಹೋಗಿ ತಗೊಳ್ಳಲಿ. ಮುಂದೆ ಬಿಡಿ ಸಾಮಾನು, ತಕ್ಕಡಿ, ನಾನು. ಕೌಂಟರನ್ನು ತೆಗೆಯಲ್ಲ, ಅಡ್ಡಕ್ಕಿದ್ದದ್ದನ್ನು ಉದ್ದಕ್ಕೆ ತಿರುಗಿಸ್ತೀನಿ. ಗೋಡೆ ಕಡೆಯ ತುದಿಯಲ್ಲಿ ಉದ್ರಿ ಪುಸ್ತಕ. ಅಲ್ಲಿ ಒಬ್ಬರೇ ನಿಲ್ಲುವಷ್ಟು ಜಾಗ ಬಿಟ್ಟಿದ್ದೇನೆ.

ಮಂಡಕ್ಕಿ ಚೀಲ ಬಾಗಿಲಲ್ಲೇ ಇರುತ್ತೆ. ಹಾದು ಹೋಗುವ ಹುಡುಗರು ಒಂದು ಹಿಡಿ ಬಾಯಿಗೆ ಹಾಕ್ಕೊಂಡು ಹೋಗ್ತಾರೆ, ಅದು ಕಳ್ಳತನದ ಲೆಕ್ಕಕ್ಕೆ ಬರಲ್ಲ ಅಂತ ಮಗನಿಗೆ ಹೇಳಿದ್ದೇನೆ.

ಕೆಲಸ ಸೋಮವಾರ ಶುರು. ಕೂಲರ್ ಎಲ್ಲಿಡಬೇಕು ಅಂತ ಮಾತ್ರ ಇನ್ನೂ ಜಗಳ ನಡೀತಿದೆ.